ಇಪ್ಪತ್ತಾಣೆಯ ಆಸಿಡ್

ನಮ್ಮ ಊರಿನಲ್ಲಿ ಆಸಿಡ್ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಬಾಟಲಿಯಲ್ಲಿದ್ದರೂ ಅಷ್ಟೇ, ಲಾರಿಯ ಬ್ಯಾಟರಿಯಲ್ಲಿದ್ದರೂ ಅಷ್ಟೇ, ನಿಂಬೆಹಣ್ಣಿನಲ್ಲಿದ್ದರೂ ಅಷ್ಟೇ. ಹೊತ್ತು ಹುಟ್ಟುವಾಗ ಅದರ ಬಲ ಬದಲಾಗುತ್ತದೆ, ಮರುದಿನ ಹೊತ್ತು ಹುಟ್ಟುವವರೆಗೆ ಹಾಗೇ ನಿಲ್ಲುತ್ತದೆ. ಲೇಬಲ್ಲಿನ ಮೇಲೆ ಬರೆದಷ್ಟೇ ಬಲವಿದ್ದರೆ ಹದಿನಾರಾಣೆ ಎನ್ನುತ್ತೇವೆ. ಕಡಿಮೆಯಿದ್ದರೆ ಹನ್ನೆರಡಾಣೆ, ಹದಿಮೂರಾಣೆ. ಹೆಚ್ಚಿದ್ದರೆ ಹದಿನೆಂಟು, ಹತ್ತೊಂಬತ್ತು. ಆ ಆಣೆಯನ್ನು ದಿನಾ ಬೆಳಿಗ್ಗೆ ಅಳೆದು ಕಾಲೇಜಿನ ಗೇಟಿನ ಪಕ್ಕದ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ರಸಾಯನಶಾಸ್ತ್ರ ವಿಭಾಗದ ಅಟೆಂಡರಾದ ನನ್ನ ಕೆಲಸವಾಗಿತ್ತು. ಮೂವತ್ತೊಂದು ವರ್ಷ ಮಾಡಿದೆ. ಹಬ್ಬ ಎನ್ನಲಿಲ್ಲ, ಜ್ವರ ಎನ್ನಲಿಲ್ಲ. ನನ್ನ ಮದುವೆಯ ದಿನವೂ ಅರಿಶಿನ ಹಚ್ಚಿದ ಕೈಯಲ್ಲೇ ಬಂದು ಅಳೆದೆ. ಅಳತೆಗೆ ಬಳಸುವ ಸೋಡಾ ತಾಗಿ ಅರಿಶಿನವೆಲ್ಲ ಕೆಂಪಾಗಿ, ಹೆಣ್ಣಿನ ಕಡೆಯವರು ಗಂಡಿಗೆ ಗಾಯವಾಗಿದೆ ಎಂದು ಗಾಬರಿಬಿದ್ದರು.

ನಾನು ಬರೆಯುವ ಮೊದಲೇ ಗೇಟಿನ ಹತ್ತಿರ ಜನ ಸೇರಿರುತ್ತಿದ್ದರು. ಕಲಾಯಿ ಹಾಕುವವರು, ಬ್ಯಾಟರಿ ಅಂಗಡಿಯವರು, ಬೆಳ್ಳಿ ತೊಳೆಯುವ ಆಚಾರಿಗಳು, ಉಪ್ಪಿನಕಾಯಿ ಹಾಕುವ ಹೆಂಗಸರು. ಹನ್ನೆರಡಾಣೆ ಎಂದು ಬರೆದರೆ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿ, ಮೂರು ಚಮಚ ಹಾಕುವ ಕಡೆ ನಾಲ್ಕು ಎಂದು ಗೊಣಗಿಕೊಂಡು ಹೋಗುತ್ತಿದ್ದರು. ಮಗ್ಗಿ ಬಾರದವರು ನಮ್ಮ ಊರಿನಲ್ಲಿ ಸಾರು ಮಾಡಲಾರರು. ಹತ್ತೊಂಬತ್ತಾಣೆಯ ದಿನ ಊರಿಗೆ ಊರೇ ಎದೆಯುರಿ ಎಂದು ಮಜ್ಜಿಗೆ ಕುಡಿಯುತ್ತಿತ್ತು. ಆ ಮಜ್ಜಿಗೆಯೂ ಹತ್ತೊಂಬತ್ತಾಣೆಯದೇ ಎಂಬುದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ. ಲೆಕ್ಕ ಬಾರದವರಿಂದ ಇಲ್ಲಿ ತೊಂದರೆಯಾಗಿದ್ದು ಕಡಿಮೆ. ಎಲ್ಲರಿಗೂ ಲೆಕ್ಕ ಬರುತ್ತಿದ್ದುದೇ ತೊಂದರೆ. ಅತ್ತೆ ಬೋರ್ಡು ನೋಡಿ ಬಂದು ಹುಣಸೆಹಣ್ಣು ಹೆಚ್ಚಿಗೆ ನೆನೆಹಾಕುವಳು. ಸೊಸೆ ಬೋರ್ಡು ನೋಡಿ ಬಂದು ಅದಕ್ಕೆ ಇನ್ನಷ್ಟು ಸೇರಿಸುವಳು. ಮನೆಯವರೆಲ್ಲ ಮುಖ ಕಿವುಚಿಕೊಂಡು ಉಣ್ಣುವರು.

ನಿವೃತ್ತಿಗೆ ಎರಡು ತಿಂಗಳು ಉಳಿದಿದ್ದಾಗಿನ ಮಾತು ಇದು. ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಸಾಕಾಗಿತ್ತು. ಬೆಳಿಗ್ಗೆ ಎದ್ದು ಹನಿ ಹನಿ ಆಸಿಡ್ ಬಿಡುತ್ತಾ ಹಳದಿ ನೀರು ಕಿತ್ತಳೆಯಾಗುವುದನ್ನು ಕಾಯುವುದು, ಅಂಕಿ ಬರೆಯುವುದು, ಮರುದಿನ ಅದೇ ಅಂಕಿಯನ್ನು ಅಳಿಸುವುದು. ನಾನು ಬರೆದಿದ್ದರಲ್ಲಿ ಒಂದಾದರೂ ಎರಡು ದಿನ ಉಳಿಯಲಿಲ್ಲ. ಈ ಕೆಲಸವನ್ನು ಯಾರಿಗಾದರೂ ಒಪ್ಪಿಸಿ ಮನೆಯಲ್ಲಿ ಮಲಗಿದರೆ ಸಾಕು ಎನ್ನಿಸುತ್ತಿತ್ತು.

ಆ ಯಾರಾದರೂ ಎಂದರೆ ನನ್ನ ಮನಸ್ಸಿನಲ್ಲಿದ್ದವಳು ಸರ್ವಮಂಗಳ. ಸರ್ವಮ್ಮ ಎಂದು ಕರೆಯುತ್ತಿದ್ದೆ. ಹತ್ತೊಂಬತ್ತು ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಿದ್ದಳು, ಅದೂ ದಿನಗೂಲಿಯ ಮೇಲೆ. ಮಾತು ಕಡಿಮೆ, ಕಣ್ಣು ಚುರುಕು. ನನ್ನ ಜಾಗಕ್ಕೆ ಕಾಯಂ ಆಗಿ ಬರಬೇಕಾದರೆ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆ ಪಾಸಾಗಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು ಎಂದು ನಿಯಮವಿತ್ತು. ಅವಳು ಕಾಲೇಜಿಗೆ ಸೇರದೆ ಹೊರಗಿನಿಂದಲೇ ಪರೀಕ್ಷೆ ಕಟ್ಟಿದಳು. ಬರೆಯುವ ಪರೀಕ್ಷೆಯನ್ನು ಒಂದೇ ಏಟಿಗೆ ಮುಗಿಸಿದಳು. ಪ್ರಾಯೋಗಿಕದಲ್ಲಿ ಮಾತ್ರ ಎರಡು ಸಲ ಫೇಲಾದಳು. ಹೊರಗಿನವರಿಗೆ ಈ ಪರೀಕ್ಷೆ ಎರಡು ವರ್ಷಕ್ಕೊಮ್ಮೆ. ಈಗ ಅವಳಿಗೆ ನಲವತ್ತನಾಲ್ಕು. ಇದು ಕೊನೆಯ ಸಲ. ಎರಡನೆಯ ಸಲ ಫೇಲಾದಾಗ ನಾನೇ ಸಮಾಧಾನ ಹೇಳಿದ್ದೆ: "ಎಲ್ಲಾರ್ಗೂ ಎಲ್ಲಾ ಬರಕಿಲ್ಲ ಬಿಡು ಸರ್ವಮ್ಮ." ಅವಳು ತೊಳೆದ ಬಾಟಲಿ ಬೋರಲು ಹಾಕಿದ್ದಳು.

ಪರೀಕ್ಷೆಯ ದಿನದ ಗುಟ್ಟೊಂದನ್ನು ಇಲ್ಲಿ ಹೇಳಬೇಕು. ಪರೀಕ್ಷಕರು ಬರುವುದು ಬೇರೆ ಊರಿನಿಂದ, ಆಸಿಡ್ ತೆಪ್ಪಗಿರುವ ಊರಿನಿಂದ. ಬಹಳ ಹಿಂದೆ ಒಬ್ಬರು ಬಂದು, ಹುಡುಗರು "ಇಂದು ಹದಿಮೂರಾಣೆ" ಎಂದು ಬರೆದು ಗುಣಿಸಿದ್ದನ್ನು ನೋಡಿ, ಇದೇನು ಕಂದಾಚಾರವೆಂದು ಇಡೀ ತರಗತಿಗೆ ಸೊನ್ನೆ ಸುತ್ತಿದ್ದರು. ಅಂದಿನಿಂದ ಪರೀಕ್ಷೆಯ ದಿನ ಬೆಳಿಗ್ಗೆ ನಾನು ಆಸಿಡ್ ಜಾಡಿಯನ್ನು ಹದಿನಾರಾಣೆ ಮಾಡಿಡುತ್ತಿದ್ದೆ. ಬಲ ಕಡಿಮೆಯಿದ್ದರೆ ಗಟ್ಟಿ ಆಸಿಡ್ ಸೇರಿಸುವುದು, ಹೆಚ್ಚಿದ್ದರೆ ನೀರು ಬೆರೆಸುವುದು. ರಸಾಯನಶಾಸ್ತ್ರ ಕಲಿಸುವ ಖುದ್ದೂಸ್ ಮೇಷ್ಟ್ರು ಕೊನೆಯ ಪಾಠದ ದಿನ ಬಾಗಿಲು ಮುಚ್ಚಿ ಹುಡುಗರಿಗೆ ಹೇಳುತ್ತಿದ್ದರು: "ಆ ಒಂದು ದಿನ ಬೋರ್ಡ್ ನೋಡಬೇಡಿ, ಲೇಬಲ್ ನಂಬಿ. ಯಾರಿಗೂ ಹೇಳಬೇಡಿ." ಮೇಷ್ಟ್ರು ಒಳ್ಳೆಯ ಮನುಷ್ಯ. ಇನ್ನೂ ಹನ್ನೊಂದು ವರ್ಷ ಸರ್ವೀಸಿತ್ತು.

ಆ ದಿನ ಹೊತ್ತು ಹುಟ್ಟಿದ ಮೇಲೆ ಅಳೆದರೆ ಹನ್ನೆರಡಾಣೆ. ಜಾಡಿಯಲ್ಲಿ ಹತ್ತು ಲೀಟರ್ ಇತ್ತು. ಹದಿನಾರಕ್ಕೆ ಏರಿಸಲು ಮಾಮೂಲಾಗಿ ಇಪ್ಪತ್ತೊಂದು ಮಿಲಿ ಗಟ್ಟಿ ಆಸಿಡ್ ಸಾಕು. ಆದರೆ ಗಟ್ಟಿ ಆಸಿಡ್ಡೂ ಅವತ್ತು ಹನ್ನೆರಡಾಣೆಯದೇ ಆದ್ದರಿಂದ ಇಪ್ಪತ್ತೆಂಟು ಮಿಲಿ ಬೇಕು. ಲೆಕ್ಕವನ್ನು ಚೀಟಿಯಲ್ಲಿ ಬರೆದು ಲ್ಯಾಬಿನ ಮೇಜಿನ ಕಲ್ಲಿನ ಮೇಲಿಟ್ಟು ಬೋರ್ಡು ಬರೆಯಲು ಹೋದೆ. ಗೇಟಿನಲ್ಲಿ ಕಲಾಯಿಯವನೊಬ್ಬ ಹಿಡಿದುಕೊಂಡ. ನಿನ್ನೆ ನೀನು ಬರೆದದ್ದು ತಪ್ಪು, ನನ್ನ ಪಾತ್ರೆ ಕಪ್ಪಾಯಿತು ಎಂದು ಶುರುಮಾಡಿದ. ಅವನಿಗೂ ಅವನ ಹೆಂಡತಿಗೂ ಇಬ್ಬರಿಗೂ ಲೆಕ್ಕ ಬರುತ್ತದೆ, ಅದೇ ಆಗಿರುವುದು ಎಂದು ತಿಳಿಹೇಳಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಬಂದವನೇ ಇಪ್ಪತ್ತೆಂಟು ಮಿಲಿ ಅಳೆದು ಜಾಡಿಗೆ ಹಾಕಿ ಕಲಕಿದೆ. ಹಾಕಿದ ಮೇಲೆ ಇನ್ನೊಮ್ಮೆ ಅಳೆದು ನೋಡುವುದು ನನ್ನ ಪದ್ಧತಿ. ಅವತ್ತು ನೋಡಲಿಲ್ಲ. ಬೇಸರವಿತ್ತು, ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲವೆಂಬ ಧೈರ್ಯವೂ ಇತ್ತು. ಸ್ಟೂಲಿನ ಮೇಲೆ ಕೂತುಬಿಟ್ಟೆ.

ಪರೀಕ್ಷಕಿ ಪಾಟಣಕರ್ ಮೇಡಂ ಹತ್ತು ಗಂಟೆಗೆ ಬಂದರು. ಬಸ್ಸಿನಲ್ಲಿ ವಾಂತಿಯಾಗಿತ್ತಂತೆ, ಮುಖ ಬಾಡಿತ್ತು. ಹದಿನೈದು ಜನಕ್ಕೂ ಒಂದೇ ಪ್ರಶ್ನೆ: ಕೊಟ್ಟ ಬಾಟಲಿಯಲ್ಲಿ ಕಾಸ್ಟಿಕ್ ಸೋಡಾ ಲೀಟರಿಗೆ ಎಷ್ಟು ಗ್ರಾಂ ಇದೆ, ಜಾಡಿಯ ಆಸಿಡ್ ಹಾಕಿ ಕಂಡುಹಿಡಿಯಿರಿ. ಸೋಡಾವನ್ನು ಮೇಡಂ ತಾವೇ ಕಲಸಿ ತಂದಿದ್ದರು. ಸೋಡಾ ನಮ್ಮ ಊರಿನಲ್ಲೂ ಬದಲಾಗುವುದಿಲ್ಲ, ಅದರ ಗುಣ ದೊಡ್ಡದು.

ಹದಿನಾಲ್ಕು ಹುಡುಗರು ತಕ್ಷಣ ಕೆಲಸಕ್ಕೆ ಕೈ ಹಾಕಿದರು. ಸರ್ವಮ್ಮ ಮಾತ್ರ ಸೋಡಾ ಬಾಟಲಿ ಮುಟ್ಟಲೇ ಇಲ್ಲ. ತಕ್ಕಡಿಯ ಹತ್ತಿರ ಹೋಗಿ ಒಣ ಸೋಡಾಪುಡಿ ತೂಗಿದಳು, ನೀರಿನಲ್ಲಿ ಕರಗಿಸಿದಳು, ಅದಕ್ಕೆ ಜಾಡಿಯ ಆಸಿಡ್ ಬಿಡುತ್ತಾ ಕೂತಳು. ನನಗೆ ಅರ್ಥವಾಯಿತು: ಇವಳು ಮೊದಲು ಆಸಿಡ್ಡನ್ನೇ ಅಳೆಯುತ್ತಿದ್ದಾಳೆ. ಅಯ್ಯೋ ಹುಚ್ಚಿ, ನಾನು ಆಗಲೇ ಸರಿಮಾಡಿದ್ದೀನಲ್ಲ, ಹೊತ್ತು ಯಾಕೆ ಹಾಳು ಮಾಡುತ್ತೀ ಎಂದು ಕೂಗಬೇಕೆನ್ನಿಸಿತು. ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. ಮುಗಿಸಿ ತಲೆ ಎತ್ತಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಪ್ರಶ್ನೆಗೆ ತಿರುಗಿದಳು.

ಮಧ್ಯಾಹ್ನ ಮೇಡಂ ಉತ್ತರಗಳನ್ನು ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದಿಟ್ಟರು. ಖುದ್ದೂಸ್ ಮೇಷ್ಟ್ರನ್ನೂ ನನ್ನನ್ನೂ ಕರೆದರು. ಸರ್ವಮ್ಮನನ್ನು ಮುಂದೆ ನಿಲ್ಲಿಸಿಕೊಂಡಿದ್ದರು.

"ಹದಿನಾಲ್ಕು ಜನಕ್ಕೆ ಮೂರು ಪಾಯಿಂಟ್ ಎರಡು ಗ್ರಾಂ ಬಂದಿದೆ. ನಾನು ಹಾಕಿದ್ದು ನಾಲ್ಕು. ಸರಿಯಾಗಿ ನಾಲ್ಕು ಅಂತ ಬರೆದಿರೋರು ಇವರೊಬ್ಬರೇ. ಅದೂ ಹೇಗೆ? ಲೇಬಲ್ ಹೊಡೆದುಹಾಕಿ, 'ಆಸಿಡ್ ಇಪ್ಪತ್ತಾಣೆ ಇದೆ' ಅಂತ ಬರೆದು. ಏನ್ರೀ ಇದು ಆಣೆ? ಇವರು ಯಾರು?"

"ಇಲ್ಲೇ ಬಾಟಲಿ ತೊಳೀತಾರೆ ಮೇಡಂ," ಎಂದರು ಮೇಷ್ಟ್ರು.

"ಓಹೋ. ಜಾಡಿಗೆ ಯಾರೋ ಏನೋ ಸೇರಿಸಿದಾರೆ. ಎಷ್ಟು ಸೇರಿಸಿದಾರೆ ಅನ್ನೋದು ಈ ಲ್ಯಾಬಲ್ಲಿ ಕೆಲಸ ಮಾಡೋ ಇವರಿಗೆ ಮಾತ್ರ ಗೊತ್ತು. ಇದಕ್ಕೆ ನಮ್ಮಲ್ಲಿ ಕಾಪಿ ಹೊಡೆಯೋದು ಅಂತಾರೆ. ಇನ್ನು ಯಾವತ್ತೂ ಪರೀಕ್ಷೆಗೆ ಕೂರದ ಹಾಗೆ ಬರೀತೀನಿ."

ಸರ್ವಮ್ಮ ಹೇಳಿದಳು: "ನಂಗೆ ಗೊತ್ತಿರ್ಲಿಲ್ಲ ಮೇಡಂ. ಅಳೆದು ನೋಡ್ದೆ ಅಷ್ಟೇಯ."

ನನ್ನ ಕಿವಿಯಲ್ಲಿ ಇಪ್ಪತ್ತು ಎಂಬ ಅಂಕಿಯೇ ಗುಂಯ್‌ಗುಡುತ್ತಿತ್ತು. ಹನ್ನೆರಡಕ್ಕೆ ನಾನು ಸೇರಿಸಿದ್ದು ನಾಲ್ಕು, ಹದಿನಾರಾಗಬೇಕು. ಇಪ್ಪತ್ತಾಗಬೇಕಾದರೆ ಇನ್ನೊಬ್ಬರು ಇನ್ನೊಂದು ನಾಲ್ಕು ಸೇರಿಸಿರಬೇಕು. ಮೇಷ್ಟ್ರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ನನಗೆ ತಿಳಿಯಿತು. ನಾನು ಗೇಟಿನಲ್ಲಿದ್ದಾಗ ಅವರು ಹಿಂದಿನ ಬಾಗಿಲಿನಿಂದ ಬಂದಿದ್ದಾರೆ, ಚೀಟಿ ನೋಡಿದ್ದಾರೆ, ನನ್ನ ಕೈ ನಡುಗುತ್ತದೆಂದು ಮರುಕಪಟ್ಟು ತಾವೇ ಹಾಕಿ, ಹೇಳಿದರೆ ನನಗೆ ನೋವಾದೀತೆಂದು ಹೇಳದೆ ಹೋಗಿದ್ದಾರೆ. ನಾನು ಅಳೆದು ನೋಡಿಯೇ ನೋಡುತ್ತೇನೆ, ಹದಿನಾರಿರುವುದು ಕಂಡು ಸುಮ್ಮನಾಗುತ್ತೇನೆ ಎಂದುಕೊಂಡಿದ್ದಾರೆ.

"ಮೇಡಂ, ಹಾಕಿದ್ದು ನಾನು," ಎಂದೆ. "ಇವಳ್ದೇನೂ ಇಲ್ಲ."

"ಹಾಗಾದ್ರೆ ಇಬ್ಬರೂ ಸೇರೇ ಮಾಡಿದೀರಿ," ಎಂದರು ಮೇಡಂ. ನಾನು ಬಾಯಿ ಬಿಟ್ಟಿದ್ದರಿಂದ ಅವಳ ಕುತ್ತಿಗೆಯ ಹಗ್ಗ ಇನ್ನೂ ಬಿಗಿಯಾಯಿತು.

ಸರ್ವಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. "ಬ್ಯಾರೆ ಆಸಿಡ್ ಕೊಡಿ ಮೇಡಂ. ನಾನೂ ಮುಟ್ಟಿರ್ಬಾರ್ದು, ಇವ್ರೂ ಮುಟ್ಟಿರ್ಬಾರ್ದು. ನಿಮ್ಮ ಕಣ್ಮುಂದೇನೇ ಅಳೀತೀನಿ. ತಪ್ಪಾದ್ರೆ ಏನು ಬೇಕಾದ್ರೂ ಬರ್ಕೊಳ್ಳಿ."

ಮೇಡಂ ತಮ್ಮ ಚೀಲದಿಂದ ಅರಗಿನ ಮುದ್ರೆಯಿದ್ದ ಬಾಟಲಿಯೊಂದನ್ನು ತೆಗೆದರು. ವಿಶ್ವವಿದ್ಯಾಲಯದಿಂದ ತಂದದ್ದು, ಅದೇ ಲೇಬಲ್ಲು, ಅದೇ ಬಲ. ಮುದ್ರೆಯನ್ನು ತಾವೇ ಒಡೆದರು. ಸರ್ವಮ್ಮ ಮತ್ತೆ ತೂಗಿದಳು, ಕರಗಿಸಿದಳು, ಹನಿ ಹನಿ ಬಿಟ್ಟಳು. ಮೂರು ಸಲ ಮಾಡಿ ಚೀಟಿ ಬರೆದು ಕೊಟ್ಟಳು.

"ಹನ್ನೆರಡಾಣೆ," ಎಂದು ಓದಿ ಮೇಡಂ ನಕ್ಕರು. "ಅಂದ್ರೆ ಮುಕ್ಕಾಲು. ಈ ಬಾಟಲಿ ತುಂಬಿಸಿದೋಳು ನಾನು ಕಣಮ್ಮ. ಮುದ್ರೆ ಹಾಕಿದೋಳೂ ನಾನೇ."

"ನೀವೂ ಒಂದ್ಸಲ ನೋಡಿ ಮೇಡಂ," ಎಂದಳು ಸರ್ವಮ್ಮ. ಗೊತ್ತಿದ್ದವಳ ಗತ್ತು ಆ ಧ್ವನಿಯಲ್ಲಿರಲಿಲ್ಲ, ಸುಸ್ತು ಇತ್ತು.

ಮೇಡಂ ಸೆರಗು ಸಿಕ್ಕಿಸಿಕೊಂಡು ಕೂತರು. ಮೊದಲನೆಯ ಸಲ ಮುಗಿದಾಗ ಹುಬ್ಬು ಗಂಟಿಕ್ಕಿದರು. ಎರಡನೆಯ ಸಲ ಮಾಡುವ ಮೊದಲು ಗಾಜಿನ ಸಾಮಾನನ್ನೆಲ್ಲ ತಾವೇ ತೊಳೆದರು. ಮೂರನೆಯ ಸಲಕ್ಕೆ ಸೋಡಾಪುಡಿಯನ್ನೇ ಬದಲಿಸಿದರು. ನಾಲ್ಕನೆಯ ಸಲ ಮುಗಿದ ಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಗೇಟಿನ ಬೋರ್ಡು ಕಾಣುತ್ತಿತ್ತು. ನನ್ನ ಬರಹ ದಪ್ಪ, ದೂರಕ್ಕೂ ಓದಲು ಬರುತ್ತದೆ.

"ಮೇಡಂ, ಟೀ ತರಿಸಲಾ?" ಎಂದರು ಖುದ್ದೂಸ್ ಮೇಷ್ಟ್ರು.

ಮೇಡಂ ತಿರುಗಿದರು. "ಇಪ್ಪತ್ತಾರು ವರ್ಷದಿಂದ ಪಾಠ ಮಾಡ್ತಿದೀನಿ. ಇದನ್ನ ನಾನು ಯಾವ ಕಾಲಂನಲ್ಲಿ ಬರೀಲಿ?" ವಾಚು ನೋಡಿಕೊಂಡರು. "ನನ್ನ ಬಾಟಲಿ ವಿಷಯ ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಐದು ಗಂಟೆಗೆ ನನಗೆ ಬಸ್ಸಿದೆ. ಆದರೆ ಜಾಡಿ ವಿಷಯಕ್ಕೆ ಬರವಣಿಗೆ ಬೇಕು. ಆಸಿಡ್ ತಪ್ಪಾಗಿ ತಯಾರಾಗಿತ್ತು ಅಂತ ಜವಾಬ್ದಾರರು ಬರೆದುಕೊಟ್ರೆ ಆ ಹದಿನಾಲ್ಕು ಜನದ ಉತ್ತರ ತಿದ್ದಿ ಲೆಕ್ಕ ಹಾಕ್ತೀನಿ. ಈಯಮ್ಮ ಅಳೆದದ್ದು ನಿಜ ಅಂತಾನೂ ಆಗುತ್ತೆ. ಇಲ್ಲದಿದ್ರೆ ಹದಿನೈದು ಜನವೂ ಹೋಗ್ತಾರೆ. ಯಾರು ಬರೀತೀರಿ?"

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ನಾನು ಅವರ ಕಾಲು ತುಳಿದೆ, ಗಟ್ಟಿಯಾಗಿಯೇ ತುಳಿದೆ. ಅವರಿಗೆ ಹನ್ನೊಂದು ವರ್ಷವಿತ್ತು, ನನಗೆ ಎರಡು ತಿಂಗಳು. ಅವರು ತಪ್ಪು ಮಾಡಿದ್ದು ನನ್ನ ಮೇಲಿನ ಕನಿಕರದಿಂದ. ನಾನು ಮಾಡಿದ್ದು ಬೇಸರದಿಂದ. ಕಾಗದ ತೆಗೆದುಕೊಂಡು, ಗಟ್ಟಿ ಆಸಿಡ್ಡನ್ನು ಮರೆವಿನಿಂದ ನಾನೇ ಎರಡು ಸಲ ಹಾಕಿದೆ, ಹಾಕಿದ ಮೇಲೆ ಪರೀಕ್ಷಿಸಲಿಲ್ಲ ಎಂದು ಬರೆದೆ. ಮೊದಲನೆಯ ಮಾತು ಸುಳ್ಳು, ಎರಡನೆಯದು ನಿಜ. ನಾಚಿಕೆಯಾದದ್ದು ಎರಡನೆಯದನ್ನು ಬರೆಯುವಾಗ.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರು ಕರೆಸಿ, ನಾಳೆಯಿಂದ ಬರುವುದು ಬೇಡ, ಬೋರ್ಡಿನ ಕೆಲಸ ಸರ್ವಮಂಗಳ ನೋಡಿಕೊಳ್ಳಲಿ, ನಿಮ್ಮ ಉಳಿದ ಎರಡು ತಿಂಗಳು ರಜೆ ಎಂದು ಬರೆದುಕೊಳ್ಳುತ್ತೇವೆ ಎಂದರು. ಹಾರ ಶಾಲಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಪರೀಕ್ಷೆಯ ಫಲಿತಾಂಶದ ಹಾಳೆಯ ಮೇಲೆ ಮೇಡಂ ಸಹಿ ಮಾಡಿ ಹೋಗಿದ್ದರು. ಸರ್ವಮಂಗಳ, ಪಾಸು. ಐವತ್ತಕ್ಕೆ ನಲವತ್ತೊಂಬತ್ತು. ಲೇಬಲ್ಲಿನ ಮೇಲೆ ಗೀಟು ಹಾಕಿದ್ದಕ್ಕೆ ಒಂದು ಕಡಿಮೆ.

ಲ್ಯಾಬಿಗೆ ಬಂದಾಗ ಅವಳು ಎಂದಿನಂತೆ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಮೇಷ್ಟ್ರು ಹೊರಗೆ ಜಗಲಿಯಲ್ಲಿ ಒಬ್ಬರೇ ಕೂತಿದ್ದರು, ಒಳಗೆ ಬರಲು ಅವರಿಗೆ ಮುಖವಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಏನಾದರಾಗಲಿ, ಇವಳಿಗೆ ದಾರಿಯಾಯಿತಲ್ಲ, ಅದಕ್ಕೆ ನಾನೂ ಒಂದಿಷ್ಟು ತೆತ್ತೆನಲ್ಲ ಎನ್ನಿಸುತ್ತಿತ್ತು. ಅವಳು ಒಂದು ಒಳ್ಳೆಯ ಮಾತು ಆಡಲಿ ಎಂದು ಕಾದೆ. ನಾಚಿಕೆಗೇಡು, ಆದರೂ ಕಾದೆ.

"ನಾನು ಸರಿ ಮಾಡಿಟ್ಟಿರ್ತೀನಿ ಅಂತ ನಿಂಗೆ ಗೊತ್ತಿತ್ತಲ್ಲ ಸರ್ವಮ್ಮ. ಆದ್ರೂ ಅಳೆದು ನೋಡ್ದೆ. ಶಭಾಸ್," ಎಂದೆ.

ಅವಳ ಕೈ ನಿಂತಿತು. "ಏನು ಸರಿ ಮಾಡಿಟ್ಟಿರ್ತೀರಿ?"

"ಅದೇ. ಪರೀಕ್ಷೆ ದಿನ ಹದಿನಾರಾಣೆ ಮಾಡಿಡೋದು. ಬೋರ್ಡ್ ನೋಡ್ಬಾರ್ದು, ಲೇಬಲ್ ನೋಡ್ಬೇಕು. ಮೇಷ್ಟ್ರು ಹೇಳಲ್ವಾ ಎಲ್ಲಾರ್ಗೂ."

"ಯಾರ್ಗೆ ಹೇಳ್ತಾರೆ?"

"ಕ್ಲಾಸಲ್ಲಿ..." ಎಂದವನು ಅಲ್ಲಿಗೇ ನಿಂತೆ. ಅವಳು ಕ್ಲಾಸಿನಲ್ಲಿ ಎಂದೂ ಕೂತವಳಲ್ಲ. ಬಾಗಿಲು ಮುಚ್ಚಿ ಮೇಷ್ಟ್ರು ಗುಟ್ಟು ಹೇಳುವಾಗ ಅವಳು ಹೊರಗೆ ತೊಟ್ಟಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದಳು. ನಾನು ಜಾಡಿ ಸರಿಮಾಡುವ ಹೊತ್ತಿಗೆ ಅವಳಿನ್ನೂ ಮನೆಯಲ್ಲಿರುತ್ತಿದ್ದಳು. ಇಷ್ಟು ವರ್ಷ ನನ್ನ ಪಕ್ಕದಲ್ಲೇ ಇದ್ದಾಳೆ, ಗೊತ್ತಿಲ್ಲದೆ ಏನು ಎಂದುಕೊಂಡು ನಾನು ಹೇಳಿರಲಿಲ್ಲ.

ಅವಳು ನಲ್ಲಿ ನಿಲ್ಲಿಸಿದಳು. "ಮೊದಲ್ನೇ ಸಲ ಬೋರ್ಡಲ್ಲಿ ಹದಿನಾಲ್ಕಾಣೆ ಇತ್ತು. ಅದ್ರ ಪ್ರಕಾರ ಗುಣಿಸ್ದೆ. ಎರಡ್ನೇ ಸಲ ಹತ್ತೊಂಬತ್ತು. ಅದ್ರ ಪ್ರಕಾರ ಗುಣಿಸ್ದೆ. ನಿಮ್ಮ ಕೈಬರಹ ರುದ್ರಣ್ಣ. ಈ ಊರಲ್ಲಿ ನಾನು ದೇವ್ರನ್ನ ಅಷ್ಟು ನಂಬ್ದೋಳಲ್ಲ, ನಿಮ್ಮ ಬೋರ್ಡ್ ನಂಬಿದ್ದೆ. ಫೇಲಾದಾಗ ನನ್ನ ಕೈಯಲ್ಲೇ ದೋಷ ಐತೆ ಅಂದ್ಕೊಂಡೆ. ನಾಲ್ಕು ವರ್ಷ ರಾತ್ರಿಯೆಲ್ಲ ಮನೇಲಿ ಹುಣಸೆನೀರು ಇಟ್ಕೊಂಡು ಅಳೆದೆ, ಕೈ ಪಳಗ್ಲಿ ಅಂತ. ಎಲ್ಲಾರ್ಗೂ ಎಲ್ಲಾ ಬರಕಿಲ್ಲ ಅಂದ್ರಿ ನೀವು."

ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲವೆಂದು ಬೀಗಿದ್ದೆನಲ್ಲ, ಆ ಎರಡು ಸಲವೂ ನಾನು ತಪ್ಪಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದೂ ಸರಿ, ಜಾಡಿಯಲ್ಲಿ ಮಾಡಿದ್ದೂ ಸರಿ. ಆ ಎರಡು ಸರಿಗಳ ನಡುವೆ ಅವಳ ನಾಲ್ಕು ವರ್ಷ ಹೋಗಿತ್ತು. ಇವತ್ತು ನಾನು ನಿಜಕ್ಕೂ ತಪ್ಪು ಮಾಡಿದ್ದಕ್ಕೆ ಅವಳು ಪಾಸಾದಳು ಎಂದು ಹೇಳಿಕೊಳ್ಳೋಣವೆಂದರೆ ಅದೂ ಅಲ್ಲ. ಜಾಡಿ ಹದಿನಾರಿದ್ದರೂ ಇಪ್ಪತ್ತಿದ್ದರೂ ಅವಳು ಪಾಸಾಗುತ್ತಿದ್ದಳು. ನನ್ನನ್ನು ನಂಬುವುದು ಬಿಟ್ಟಿದ್ದಳು, ಅಷ್ಟೇ.

"ತಪ್ಪಾಯ್ತು ಕಣಮ್ಮ," ಎಂದೆ. ಕಣ್ಣಲ್ಲಿ ನೀರು ಬಂತು. ವಯಸ್ಸಾದವರ ಕಣ್ಣೀರಿಗೆ ಯಾವ ಮರ್ಯಾದೆಯೂ ಇಲ್ಲವೆಂದು ಗೊತ್ತಿದ್ದರೂ ಬಂತು.

"ಹೋಗ್ಲಿ ಬಿಡಿ," ಎಂದಳು. ಕೋಪವಿರಲಿಲ್ಲ. ನನ್ನಷ್ಟೇ ದಣಿದಿದ್ದಳು.

"ನಾಳೆ ಬೆಳಿಗ್ಗೆ ಬರ್ತೀನಿ. ಪ್ರಿನ್ಸಿಪಾಲರು ಏನಾದ್ರೂ ಅನ್ಲಿ. ಮೊದಲ್ನೇ ದಿನ, ಪಕ್ಕದಲ್ಲಿ ನಿಂತ್ಕೊಂಡಿರ್ತೀನಿ ಸುಮ್ಕೆ."

ಅವಳು ನನ್ನ ಮುಖವನ್ನು ನೋಡಿದಳು. "ಬ್ಯಾಡಿ ರುದ್ರಣ್ಣ. ನೀವು ಸುಮ್ಕೆ ನಿಲ್ಲೋರಲ್ಲ. ನಾನು ಅಳೆದಿದ್ದನ್ನ, ನಾನು ಬೋರ್ಡ್ ಬರೆಯಕ್ಕೆ ಹೋದಾಗ ಸರಿ ಮಾಡಿಡ್ತೀರಿ."

ಅವಳು ಹೇಳಿದ್ದು ನಿಜ. ಸೊಂಟದಿಂದ ಲ್ಯಾಬಿನ ಬೀಗದ ಕೈ ಬಿಚ್ಚಿ ಕಲ್ಲಿನ ಮೇಲಿಟ್ಟೆ. ಅವಳು ತಕ್ಷಣ ಅದನ್ನು ಎತ್ತಿಕೊಳ್ಳಲಿಲ್ಲ. ನಲ್ಲಿ ಬಿಟ್ಟು, ಸೋಪು ಹಚ್ಚಿ, ಎರಡೂ ಕೈಗಳನ್ನು ಮೊಣಕೈವರೆಗೆ ನಿಧಾನವಾಗಿ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ತೆಗೆದುಕೊಂಡಳು.